ಅತ್ತೆಯ ಮಂಚದ ಎತ್ತರ 22 ಇಂಚು

2025ರ ಮೇ ತಿಂಗಳ ಒಂದು ಸಂಜೆ. ಮಣಿಪಾಲದ ಆಸ್ಪತ್ರೆಯಲ್ಲಿ ಅತ್ತೆಯ ಮೊಣಕಾಲಿನ ತಪಾಸಣೆ ಮುಗಿಸಿ ಶಿವಮೊಗ್ಗಕ್ಕೆ ಹಿಂತಿರುಗುತ್ತಿದ್ದೆವು. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ನಮ್ಮ ಹಳೆಯ ಪುಟ್ಟ ಕಾರು ಏಸಿ ಆರಿಸಿಕೊಂಡು, ಮೊದಲ ಗೇರಿನಲ್ಲೇ ಏದುಸಿರು ಬಿಡುತ್ತ ಹತ್ತಿತು. ಮೇಲೆ ಬಂದು ಚಹಾಕ್ಕೆ ನಿಲ್ಲಿಸಿದಾಗ ಅತ್ತೆಗೆ ಕಾರಿನಿಂದ ಏಳಲು ಆಗಲಿಲ್ಲ. ನಾನು ಒಂದು ಕೈ, ಇವರು ಒಂದು ಕೈ ಹಿಡಿದು ಎತ್ತಬೇಕಾಯಿತು. ಐದು ತಿಂಗಳ ಹಿಂದಷ್ಟೇ ಎರಡೂ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಿತ್ತು. ಅವರು ಏನೂ ಅನ್ನಲಿಲ್ಲ. ಕಣ್ಣಲ್ಲಿ ನೀರಿತ್ತು, ಅಷ್ಟೆ. ಆ ರಾತ್ರಿಯೇ ಬೇರೆ ಗಾಡಿ ತಗೊಳ್ಳೋಣವೆಂದು ತೀರ್ಮಾನಿಸಿದೆವು.

ಮನೆಯಲ್ಲಿ ನಾವು ಐದು ಜನ. ಅತ್ತೆ, ಮಾವ, ಇವರು, ನಾನು, ಹತ್ತು ವರ್ಷದ ಮಗಳು. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಮನೆಯಲ್ಲಿ ಹೆಚ್ಚು ಗಾಡಿ ಓಡಿಸುವವಳೂ ನಾನೇ. ತೀರ್ಥಹಳ್ಳಿಯ ಆಚೆ ಮಾವನ ಹಳೆ ಮನೆ ಮತ್ತು ಒಂದಿಷ್ಟು ಅಡಿಕೆ ತೋಟವಿದೆ. ಕೊನೆಯ ಎರಡು ಕಿಲೋಮೀಟರು ಮಣ್ಣಿನ ರಸ್ತೆ. ಮಳೆಗಾಲದಲ್ಲಿ ಮಧ್ಯದ ದಿಬ್ಬ ಕಾರಿನ ಹೊಟ್ಟೆಗೆ ಉಜ್ಜುತ್ತದೆ. ಹಾಗಾಗಿ ನೆಲದಿಂದ ಎತ್ತರವಿರುವ ಗಾಡಿಯೇ ಬೇಕಿತ್ತು. 12 ಲಕ್ಷ ದಾಟಬಾರದು ಎಂದು ಲೆಕ್ಕ ಹಾಕಿಕೊಂಡೆವು. ಸ್ವಂತದ್ದು ಐದು ಲಕ್ಷ, ಉಳಿದದ್ದು ಸಾಲ.

ಮೊದಲು ಹೋದದ್ದು ಜೂನ್ ಕೊನೆಯ ವಾರ. ಆಷಾಢ ಆಗತಾನೇ ಶುರುವಾಗಿತ್ತು. ಆಷಾಢದಲ್ಲಿ ನಮ್ಮ ಕಡೆ ಯಾರೂ ಗಾಡಿ ತೆಗೆಯುವುದಿಲ್ಲ, ಅದಕ್ಕೇ ಷೋರೂಮಿನವರು ಆಫರ್ ಕೊಡುತ್ತಾರೆ. ಬಾಗಿಲಲ್ಲೇ ಎದುರಾದ ಹುಡುಗ ಇವರ ಮುಖ ನೋಡಿಕೊಂಡು ಮಾತಾಡತೊಡಗಿದ. ‘ಗಾಡಿ ಓಡಿಸೋದು ನಾನು, ನನಗೆ ಹೇಳಿ’ ಅಂದೆ. ‘ಸಾರಿ ಮೇಡಂ’ ಎಂದು ತಿರುಗಿದ. ಒಳ್ಳೆಯ ಹುಡುಗನೇ. ಆದರೆ ಐದು ನಿಮಿಷದೊಳಗೆ ನಮ್ಮನ್ನು 12 ಲಕ್ಷದ ಗಾಡಿಯ ಪಕ್ಕದಿಂದ ಏಳು ಸೀಟಿನ ಗಾಡಿಯ ಪಕ್ಕಕ್ಕೆ ಕರೆದೊಯ್ದಿದ್ದ. ‘ಮನೇಲಿ ಹಿರಿಯರು ಇದ್ದಾರೆ ಅಂತೀರಿ, ಮದುವೆ ಮುಂಜಿ ಅಂದ್ರೆ ನೆಂಟರು ಬರ್ತಾರೆ, ಏಳು ಸೀಟು ಬೇಕೇ ಬೇಕಲ್ವಾ ಸರ್?’ ಎಂದ. ಮಾವ ತಲೆಯಾಡಿಸಿದರು. ನನಗೂ ಸರಿಯೆನ್ನಿಸಿತು. ಅಷ್ಟು ದೊಡ್ಡ ಗಾಡಿಯ ಎದುರು ನಿಂತಾಗ ಹಾಗೆ ಅನ್ನಿಸದೆ ಇರುವುದು ಕಷ್ಟ.

ಅವನು ಕೊಟ್ಟ ಚೀಟಿಯಲ್ಲಿ ಎಕ್ಸ್ ಷೋರೂಮ್ ಬೆಲೆ, ಅಂದರೆ ನೋಂದಣಿ, ವಿಮೆ ಸೇರದ ಬೆಲೆ, 16,20,000 ರೂಪಾಯಿ ಇತ್ತು. ಕೊನೆಯ ಸಾಲಿನಲ್ಲಿ ಆನ್ ರೋಡ್, ಅಂದರೆ ಎಲ್ಲ ಸೇರಿ ರಸ್ತೆಗಿಳಿಯುವ ಬೆಲೆ, 20 ಲಕ್ಷ ದಾಟಿತ್ತು. ನಡುವೆ ನಾಲ್ಕು ಲಕ್ಷ ಎಲ್ಲಿಂದ ಬಂತು ಎಂದು ಕೇಳಿದೆ. ‘ಅದು ಟ್ಯಾಕ್ಸ್ ಮೇಡಂ, ಕರ್ನಾಟಕದಲ್ಲಿ ಜಾಸ್ತಿ’ ಅಂದ.

ಅಂದು ರಾತ್ರಿ ಮಗಳ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಆ ಚೀಟಿಯನ್ನು ಬಿಡಿಸಿದೆ. ನಾಲ್ಕು ಮೀಟರಿಗಿಂತ ಉದ್ದವಿದ್ದು 1500 ಸಿಸಿ ಒಳಗಿನ ಎಂಜಿನ್ ಇರುವ ಅಂಥ ಗಾಡಿಗೆ ಆಗ ಜಿಎಸ್‌ಟಿ ಶೇ 28, ಅದರ ಮೇಲೆ ಪರಿಹಾರ ಸೆಸ್ ಶೇ 17, ಒಟ್ಟು ಶೇ 45. ಅಂದರೆ 16.20 ಲಕ್ಷದ ಒಳಗೇ ಸುಮಾರು 5.03 ಲಕ್ಷ ತೆರಿಗೆ ಕೂತಿದೆ. ಕಂಪನಿಗೂ ಷೋರೂಮಿಗೂ ಸೇರಿ ಹೋಗುವುದು 11.17 ಲಕ್ಷ. ಇಷ್ಟಕ್ಕೆ ಮುಗಿಯುವುದಿಲ್ಲ. ನೋಂದಣಿಯ ಹೊತ್ತಿಗೆ ಒಂದೇ ಸಲ ಕಟ್ಟುವ ನಮ್ಮ ರಾಜ್ಯದ ಜೀವಾವಧಿ ತೆರಿಗೆ ಲೆಕ್ಕಕ್ಕೆ ಬರುವುದು ಆ 11.17 ಲಕ್ಷದ ಮೇಲಲ್ಲ, ಜಿಎಸ್‌ಟಿ ಸೇರಿದ 16.20 ಲಕ್ಷದ ಮೇಲೆ. 5 ಲಕ್ಷದವರೆಗಿನ ಕಾರಿಗೆ ಶೇ 13, 10 ಲಕ್ಷದವರೆಗೆ 14, 20 ಲಕ್ಷದವರೆಗೆ 17, ಅದರಾಚೆ 18. ಈ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಹಾಗಾಗಿ 17 ಎಂಬುದು ನಿಜದಲ್ಲಿ 18.87. ಆ ಗಾಡಿಗೆ 3,05,694 ರೂಪಾಯಿ. ಎರಡೂ ಸೇರಿದರೆ 11.17 ಲಕ್ಷದ ಗಾಡಿಗೆ 8 ಲಕ್ಷಕ್ಕೂ ಮೇಲೆ ತೆರಿಗೆ. ಇದನ್ನು ನಾನು ಎರಡು ಸಲ ಕೂಡಿ ನೋಡಿದೆ. ತೆರಿಗೆಯ ಮೇಲೆ ತೆರಿಗೆ, ಅದರ ಮೇಲೆ ಸೆಸ್. ರಸ್ತೆಗೆ, ಆಸ್ಪತ್ರೆಗೆ ದುಡ್ಡು ಬೇಕು, ಸರಿಯೇ. ಆದರೆ ಮಂಡಿ ಬದಲಾಯಿಸಿಕೊಂಡ ಅಮ್ಮನನ್ನು ಕೂರಿಸಿಕೊಂಡು ಹೋಗಲು ಗಾಡಿ ಕೊಳ್ಳುವ ಮನೆಯನ್ನು ಐಷಾರಾಮಿ ಗಿರಾಕಿ ಎಂದು ಎಣಿಸುವುದು ನ್ಯಾಯವಲ್ಲ ಎಂದೇ ನನಗೆ ಇವತ್ತಿಗೂ ಅನ್ನಿಸುತ್ತದೆ.

ಕಾಲೇಜಿನ ಸಹೋದ್ಯೋಗಿಯೊಬ್ಬರು ಪುದುಚೇರಿಯಲ್ಲಿ ನೋಂದಣಿ ಮಾಡಿಸಿ, ಲಕ್ಷಗಟ್ಟಲೆ ಉಳಿಯುತ್ತದೆ ಅಂದರು. ವಾಸ ಇಲ್ಲಿ, ವಿಳಾಸ ಅಲ್ಲಿ. ಹೊರ ರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಇಲ್ಲಿಯ ತೆರಿಗೆ ಕಟ್ಟಲೇಬೇಕು. ಅದಿರಲಿ, ಸುಳ್ಳು ವಿಳಾಸಕ್ಕೆ ಸಹಿ ಹಾಕಿ ಮರುದಿನ ಮಕ್ಕಳೆದುರು ನಿಲ್ಲುವುದು ನನ್ನಿಂದ ಆಗದು. ಆ ಮಾತು ಅಲ್ಲಿಗೇ ಬಿಟ್ಟೆವು.

ಹಳೆಯ ಗಾಡಿಯನ್ನೇ ನೋಡೋಣವೆಂದು ಜುಲೈನಲ್ಲಿ ಬೆಂಗಳೂರಿಗೂ ಹೋಗಿ ಬಂದೆವು. ಮೈದುನ ಅಲ್ಲೇ ಇದ್ದಾನೆ, ನಾಲ್ಕು ಗಾಡಿ ಗುರುತು ಮಾಡಿಟ್ಟಿದ್ದ. ಮೂರು ವರ್ಷ ಹಳೆಯದೊಂದು, ಮೀಟರಿನಲ್ಲಿ 32,000 ಕಿಲೋಮೀಟರು, ಬಿಳಿ ಬಣ್ಣ, ಒಳಗೆ ಹೊಸದರ ವಾಸನೆ. ಬೆಲೆ 11 ಲಕ್ಷ. ಹೊಸದಕ್ಕಿಂತ ಎರಡೂವರೆ ಲಕ್ಷ ಮಾತ್ರ ಕಡಿಮೆ. ಹೊಸದರ ಬೆಲೆ ಏರಿದ ಹಾಗೆ ಹಳೆಯದರ ಬೆಲೆಯೂ ಏರಿ ಕೂತಿದೆ. ಮೈದುನ ಟೈರಿನ ಪಕ್ಕ ಕೂತು ಓದಿದ. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ನಾಲ್ಕೂ ಟೈರು ಆರು ತಿಂಗಳ ಹಿಂದೆ ತಯಾರಾದವು. 32,000 ಓಡಿದ ಗಾಡಿಗೆ ಇಷ್ಟು ಬೇಗ ನಾಲ್ಕೂ ಟೈರು ಯಾಕೆ ಬದಲಾಯಿಸಿದರು? ಬ್ರೇಕ್ ಪೆಡಲಿನ ರಬ್ಬರು ಒಂದು ಮೂಲೆ ಸವೆದು ನುಣುಪಾಗಿತ್ತು. ಸರ್ವಿಸ್ ದಾಖಲೆ ಕೇಳಿದೆವು. ಕೊಡಲು ಹಿಂದೆಮುಂದೆ ನೋಡಿದರು. ಕೊನೆಗೆ ನಂಬರು ಕೊಟ್ಟು ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿದರೆ, ಒಂದು ವರ್ಷದ ಹಿಂದಿನ ಸರ್ವಿಸಿನಲ್ಲೇ 61,000 ಎಂದು ಬರೆದಿತ್ತು. ವಾಪಸು ಬರುವಾಗ ರೈಲಿನಲ್ಲಿ ಇವರು ಅರಸೀಕೆರೆ ತನಕ ಮಾತೇ ಆಡಲಿಲ್ಲ.

ಇಲೆಕ್ಟ್ರಿಕ್ ಗಾಡಿಯನ್ನೂ ನೋಡಿದೆವು. ಅದಕ್ಕೆ ಜಿಎಸ್‌ಟಿ ಶೇ 5, ಮತ್ತು ಆಗ ಕರ್ನಾಟಕದಲ್ಲಿ 25 ಲಕ್ಷದವರೆಗಿನದಕ್ಕೆ ಜೀವಾವಧಿ ತೆರಿಗೆ ಇರಲಿಲ್ಲ. ಕಾಗದದ ಮೇಲೆ ಅದೇ ಗೆಲ್ಲುತ್ತಿತ್ತು. ಆದರೆ ಮಳೆಗಾಲದಲ್ಲಿ ಮಾವನ ಊರಲ್ಲಿ ಮರ ಬಿದ್ದರೆ ಮೂರು ದಿನ ಕರೆಂಟು ಇರುವುದಿಲ್ಲ. ಶಿವಮೊಗ್ಗದಲ್ಲೇ ಓಡಾಡುವವರಾಗಿದ್ದರೆ ನಾನು ಅದನ್ನೇ ಕೊಳ್ಳುತ್ತಿದ್ದೆ.

ದಾರಿ ತೋರಿಸಿದ್ದು ಅತ್ತೆಯೇ. ಒಂದು ಬೆಳಿಗ್ಗೆ ಅವರು ಮಂಚದಿಂದ ಯಾರ ಆಸರೆಯೂ ಇಲ್ಲದೆ ಎದ್ದು ಅಡುಗೆಮನೆಗೆ ಬಂದರು. ನಾನು ನೋಡುತ್ತ ನಿಂತೆ. ಹಾಸಿಗೆ ಸೇರಿ ಮಂಚದ ಎತ್ತರ ಅಳೆದೆ, 22 ಇಂಚು. ಹಳೆ ಕಾರಿನ ಸೀಟು ನೆಲದಿಂದ 18. ನಾಲ್ಕೇ ಇಂಚಿನ ವ್ಯತ್ಯಾಸ. ಆ ದಿನದಿಂದ ಕೈಚೀಲದಲ್ಲಿ ಟೈಲರ್ ಟೇಪು ಇಟ್ಟುಕೊಂಡೇ ಷೋರೂಮಿಗೆ ಹೋದೆ. 20 ಲಕ್ಷದ ಆ ಏಳು ಸೀಟಿನ ಗಾಡಿಯ ಸೀಟು 29 ಇಂಚು. ಅತ್ತೆ ಅದಕ್ಕೆ ಏರಲು ಮೆಟ್ಟಿಲ ಮೇಲೆ ಕಾಲಿಟ್ಟು ಮಂಡಿ ಪೂರ್ತಿ ಮಡಚಬೇಕು. ಎರಡು ಸಲ ಪ್ರಯತ್ನಿಸಿ ‘ಬೇಡ ಮಾರಾಯ್ತಿ’ ಅಂದರು. ದೊಡ್ಡ ಗಾಡಿ ಹಿರಿಯರಿಗೆ ಅನುಕೂಲ ಎಂದು ನಾವೆಲ್ಲ ನಂಬಿದ್ದೆವು. ನಾಲ್ಕು ಮೀಟರಿನ ಒಳಗಿನ ಎಸ್‌ಯುವಿಗಳ ಸೀಟು 24ರಿಂದ 26 ಇಂಚು ಬಂತು. ಅತ್ತೆ ಬೆನ್ನು ತಿರುಗಿಸಿ ಕೂತು, ಕಾಲು ಒಳಗೆ ಎಳೆದುಕೊಂಡರು. ಅಷ್ಟೇ ಸಾಕಿತ್ತು.

ಆ ಏಳು ಸೀಟಿನ ಮೂರನೇ ಸಾಲಿನಲ್ಲಿ ನಾನೇ ಹೋಗಿ ಕೂತೆ, ಮಂಡಿ ಎದೆಗೆ ಬಂತು. ಆ ಸಾಲು ಎತ್ತಿದರೆ ಡಿಕ್ಕಿಯಲ್ಲಿ ಎರಡು ಶಾಲೆಯ ಚೀಲಕ್ಕಷ್ಟೇ ಜಾಗ. ಮನೆಗೆ ಬಂದು ಹಿಂದಿನ ಒಂದು ವರ್ಷದಲ್ಲಿ ಐದಕ್ಕಿಂತ ಹೆಚ್ಚು ಜನ ಒಟ್ಟಿಗೆ ಎಷ್ಟು ಸಲ ಹೋಗಿದ್ದೇವೆ ಎಂದು ಕೂತು ನೆನಪಿಸಿಕೊಂಡೆವು. ಮೂರು ಸಲ. ಮೂರೂ ಸಲ ಟ್ಯಾಕ್ಸಿ ಮಾಡಿದ್ದೆವು, ಎಲ್ಲ ಸೇರಿ ಖರ್ಚು 14,000. ಮಾವ ಆ ಲೆಕ್ಕ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಐದೇ ಸಾಕು’ ಅಂದರು.

ನಾಲ್ಕು ಮೀಟರಿನ ಗುಟ್ಟು ನನಗೆ ತಿಳಿದದ್ದೂ ಆಗಲೇ. ನೆಕ್ಸಾನ್ ನೋಡಿ, ಬ್ರೆಝಾ ನೋಡಿ, ಉದ್ದ 3995 ಮಿಲಿಮೀಟರು. ಐದೇ ಮಿಲಿಮೀಟರು ಕಡಿಮೆ. ಸಣ್ಣ ಕಾರಿಗೆ ಕಡಿಮೆ ತೆರಿಗೆ ಎಂಬ ಗೆರೆ 2006ರ ಬಜೆಟ್‌ನಿಂದ ನಾಲ್ಕು ಮೀಟರಿಗೆ ಬಿದ್ದಿದೆ. ಅಲ್ಲಿಂದೀಚೆಗೆ ಕಾರುಗಳ ಹಿಂಭಾಗವನ್ನು ಆ ಗೆರೆಗೆ ಹೊಂದಿಸಿಯೇ ಕತ್ತರಿಸುತ್ತಾರೆ. ಆದರೆ ಉದ್ದ ಒಂದೇ ಸಾಲದು. ಪೆಟ್ರೋಲಾದರೆ ಎಂಜಿನ್ 1200 ಸಿಸಿ, ಡೀಸೆಲ್ಲಾದರೆ 1500 ಸಿಸಿ ದಾಟಬಾರದು. ಬ್ರೆಝಾದ್ದು 1462 ಸಿಸಿ ಪೆಟ್ರೋಲು, ಹಾಗಾಗಿ ಗಿಡ್ಡವಿದ್ದರೂ ಮೇಲಿನ ತೆರಿಗೆಗೇ ಸೇರುತ್ತದೆ. ಪಕ್ಕಪಕ್ಕ ನಿಲ್ಲಿಸಿದರೆ ಒಂದೇ ಅಳತೆಯ ಎರಡು ಗಾಡಿಗಳಿಗೆ ತೆರಿಗೆ ಬೇರೆ ಬೇರೆ. ಡೀಸೆಲ್ ನಮಗೆ ಹೊಂದುವುದಿಲ್ಲ ಎಂದು ಮೆಕ್ಯಾನಿಕ್ ಹೇಳಿದ. ನಾನು ದಿನವೂ ಓಡಿಸುವುದು ಕಾಲೇಜಿಗೆ ಆರು ಕಿಲೋಮೀಟರು. ಬಿಎಸ್6 (ಈಗಿನ ಹೊಗೆ ನಿಯಮ) ಡೀಸೆಲ್ ಗಾಡಿಯ ಹೊಗೆ ಶೋಧಿಸುವ ಫಿಲ್ಟರಿಗೆ ಆಗಾಗ ದೂರದ ಓಟ ಬೇಕು, ಇಲ್ಲದಿದ್ದರೆ ಮಸಿ ಕಟ್ಟುತ್ತದೆ. ಹೀಗೆ 1.2 ಲೀಟರಿನ ಟರ್ಬೊ ಪೆಟ್ರೋಲಿಗೆ ಬಂದು ನಿಂತೆವು. ಹಿಂದಿನ ಮಧ್ಯದ ಸೀಟಿಗೂ ಹೆಗಲ ಮೇಲಿಂದ ಬರುವ ಬೆಲ್ಟು, ತಲೆಗೆ ಆಸರೆ, ಆರು ಏರ್‌ಬ್ಯಾಗು ಇವನ್ನು ಮಾತ್ರ ಬಿಡುವುದಿಲ್ಲ ಎಂದಿದ್ದೆ. ಮಧ್ಯದಲ್ಲಿ ಕೂರುವವಳು ನನ್ನ ಮಗಳು. ಎಷ್ಟೋ ಹಳೆಯ ಗಾಡಿಗಳಲ್ಲಿ ಆ ಜಾಗಕ್ಕೆ ಸೊಂಟದ ಪಟ್ಟಿ ಮಾತ್ರ ಇರುತ್ತದೆ. ಕೂತು, ಎಳೆದು, ಸಿಕ್ಕಿಸಿಯೇ ನೋಡಬೇಕು. 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆ ನಮ್ಮಲ್ಲೇ ನಡೆಯುತ್ತಿದೆ. ನಾವು ಆರಿಸಿದ ಗಾಡಿಗೆ ಐದು ನಕ್ಷತ್ರ ಸಿಕ್ಕಿತ್ತು.

ಆಗಸ್ಟ್ ಮೊದಲ ವಾರ 11,000 ಕೊಟ್ಟು ಬುಕ್ ಮಾಡಿದೆವು. ಆ ಷೋರೂಮಿನ ಚೀಟಿ ನನ್ನ ಬಳಿ ಈಗಲೂ ಇದೆ. ಎಕ್ಸ್ ಷೋರೂಮ್ 10,70,000. ಆರ್‌ಟಿಒ (ಜೀವಾವಧಿ ತೆರಿಗೆ) 2,12,000. ವಿಮೆ 58,400. ಟಿಸಿಎಸ್ 10,700. ಹ್ಯಾಂಡ್ಲಿಂಗ್ 9,500. ಆಕ್ಸೆಸರಿ ಕಿಟ್ 31,000. ಹೆಚ್ಚುವರಿ ವಾರಂಟಿ 18,600. ಫಾಸ್ಟ್‌ಟ್ಯಾಗ್ 800. ಒಟ್ಟು 14,11,000. ನಮ್ಮ 12 ಲಕ್ಷ ಎಲ್ಲಿ ಉಳಿಯಿತು?

ಸಾಲು ಸಾಲಾಗಿ ಹುಡುಗನನ್ನು ಕೇಳುತ್ತ ಹೋದೆ. 10,70,000ಕ್ಕೆ ಶೇ 18.87 ಅಂದರೆ 2,01,909, ಹತ್ತು ಸಾವಿರ ಹೆಚ್ಚು ಯಾಕೆ? ‘ಆರ್‌ಟಿಒ ಖರ್ಚು ಇರುತ್ತೆ ಮೇಡಂ’. ರಸೀದಿ ಕೊಡುತ್ತೀರಾ? ಅದಕ್ಕೆ ಉತ್ತರ ಬರಲಿಲ್ಲ. ಹ್ಯಾಂಡ್ಲಿಂಗ್ ಅಂದರೆ ಏನು? ಗೋದಾಮಿನಿಂದ ಷೋರೂಮಿಗೆ ತರುವ ಖರ್ಚು ಅಂದ. ಷೋರೂಮ್ ಬೆಲೆ ಅಂದರೇನೇ ಷೋರೂಮಿನಲ್ಲಿ ನಿಂತ ಗಾಡಿಯ ಬೆಲೆ ಅಲ್ಲವೇ? ವಿಮೆಯನ್ನು ಅವರಲ್ಲೇ ಮಾಡಿಸಬೇಕೆಂಬ ನಿಯಮ ಎಲ್ಲೂ ಇಲ್ಲ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, 1000ದಿಂದ 1500 ಸಿಸಿಗೆ ಅದರ ದರ ಎಲ್ಲ ಕಂಪನಿಗೂ ಒಂದೇ, ಆಗ 10,640 ಮತ್ತು ಅದರ ಮೇಲಿನ ಜಿಎಸ್‌ಟಿ. ವ್ಯತ್ಯಾಸ ಬರುವುದು ನಮ್ಮ ಗಾಡಿಗೆ ಆಗುವ ನಷ್ಟದ ವಿಮೆಯಲ್ಲಿ. ಅದೇ ಐಡಿವಿ (ವಿಮೆಗೆ ಹಿಡಿಯುವ ಗಾಡಿಯ ಬೆಲೆ), ಅದೇ ಜೀರೊ ಡೆಪ್ (ಸವಕಳಿ ಕಳೆಯದೆ ಪರಿಹಾರ ಕೊಡುವ ಷರತ್ತು) ಇಟ್ಟು ಹೊರಗೆ ಕೇಳಿದರೆ 41,900ಕ್ಕೆ ಸಿಕ್ಕಿತು. ಷೋರೂಮಿನವರು ನಮ್ಮಿಂದ ವಸೂಲಿ ಮಾಡಿ ಆದಾಯ ತೆರಿಗೆಗೆ ಕಟ್ಟುವ ಟಿಸಿಎಸ್ ಮಾತ್ರ ನಿಜವಾದ ಸಾಲು. 10 ಲಕ್ಷ ದಾಟಿದ ಗಾಡಿಗೆ ಶೇ 1, ಆದಾಯ ತೆರಿಗೆಯ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ಇದನ್ನು ಎಷ್ಟೋ ಜನ ಮರೆತೇ ಬಿಡುತ್ತಾರೆ.

ಅಷ್ಟರಲ್ಲಿ ಆಗಸ್ಟ್ 15 ಬಂತು. ದೀಪಾವಳಿಯೊಳಗೆ ಜಿಎಸ್‌ಟಿ ಇಳಿಯುತ್ತದೆ ಎಂದು ಪ್ರಧಾನಿ ಕೆಂಪು ಕೋಟೆಯಿಂದ ಹೇಳಿದರು. ಮರುದಿನದಿಂದ ಷೋರೂಮಿನ ಫೋನು ಹೆಚ್ಚಾಯಿತು. ಗಣೇಶ ಹಬ್ಬಕ್ಕೆ ಗಾಡಿ ಮನೆಗೆ ಬರಲಿ, ಬಿಲ್ ಮಾಡಿಬಿಡೋಣ, 25,000 ಡಿಸ್ಕೌಂಟ್ ಕೊಡಿಸುತ್ತೇನೆ ಎಂದು ಹುಡುಗ ಗೋಗರೆದ. ಅವನದೂ ತಪ್ಪಲ್ಲ. ಅಂಗಳದಲ್ಲಿ ನಿಂತ ಗಾಡಿಗಳ ಮೇಲೆ ಷೋರೂಮಿನವರು ಸೆಸ್ ಕೊಟ್ಟಾಗಿದೆ, ಸೆಸ್ಸೇ ರದ್ದಾದರೆ ಆ ಹಣ ಅವರ ಲೆಕ್ಕದಲ್ಲಿ ಸಿಕ್ಕಿಬೀಳುತ್ತದೆ. ಬುಕಿಂಗ್ ಫಾರಂ ತೆಗೆದು ಓದಿದೆ. ಬಿಲ್ ಆದ ದಿನದ ಬೆಲೆಯೇ ಅನ್ವಯ ಎಂದು ಸಣ್ಣ ಅಕ್ಷರದಲ್ಲಿತ್ತು. ಜುಲೈನಲ್ಲಿ ‘ಬೆಲೆ ಏರಬಹುದು, ಬೇಗ ಮಾಡಿ’ ಎಂದು ಹೆದರಿಸಲು ಅವರು ತೋರಿಸಿದ್ದು ಅದೇ ಸಾಲು. ನಾವು ಕಾದೆವು. ಅತ್ತೆಯನ್ನು ಆ ತಿಂಗಳು ಎರಡು ಸಲ ಆಟೊದಲ್ಲಿ ಫಿಸಿಯೋಥೆರಪಿಗೆ ಕರೆದೊಯ್ದೆ. ಕಾಯುವುದು ಸುಲಭವಿರಲಿಲ್ಲ.

ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ ತೀರ್ಮಾನಿಸಿತು. 22ರಿಂದ, ಅಂದರೆ ನವರಾತ್ರಿಯ ಮೊದಲ ದಿನದಿಂದ, ಸಣ್ಣ ಕಾರಿಗೆ ಶೇ 18, ಉಳಿದ ಪೆಟ್ರೋಲು, ಡೀಸೆಲ್ ಕಾರಿಗೆ ಶೇ 40, ಸೆಸ್ ಇಲ್ಲ. ನಮ್ಮ ಗಾಡಿಗೆ ಅಲ್ಲಿಯವರೆಗೆ 28 ಮತ್ತು 1 ಸೇರಿ ಶೇ 29 ಇತ್ತು. ಮಧ್ಯೆ ಪಿತೃಪಕ್ಷವೂ ಬಂತು, ಷೋರೂಮು ಖಾಲಿ ಹೊಡೆಯುತ್ತಿತ್ತು. 22ರ ಬೆಳಿಗ್ಗೆ ಹೊಸ ಬೆಲೆ ಬಂತು: 9,79,000. ಕಡಿಮೆಯಾದದ್ದು 91,000. ಆದರೆ ಅದಕ್ಕಿಂತ ಮುಖ್ಯವಾದದ್ದು ಬೇರೆ. ಬೆಲೆ 10 ಲಕ್ಷದ ಗೆರೆಯ ಕೆಳಗೆ ಇಳಿದಿತ್ತು. ರಾಜ್ಯದ ತೆರಿಗೆ ಶೇ 18.87ರಿಂದ 15.54ಕ್ಕೆ ಬಂತು, 2,01,909 ಇದ್ದದ್ದು 1,52,137 ಆಯಿತು. ಎರಡೂ ಸೇರಿ 1,40,772 ರೂಪಾಯಿ. ಟಿಸಿಎಸ್ಸೂ ಹೋಯಿತು.

ಹುಡುಗ ಇನ್ನೊಂದು ಸಲ ಪ್ರಯತ್ನಿಸಿದ. ‘ಇನ್ನು ಐವತ್ತೇ ಸಾವಿರ ಹಾಕಿದ್ರೆ ಸನ್‌ರೂಫ್ ಬರುತ್ತೆ ಮೇಡಂ, ಪಾಪುಗೆ ಖುಷಿ’. ಮಗಳು ನನ್ನ ಕೈ ಹಿಡಿದಳು. ಅಲ್ಲೇ ಲೆಕ್ಕ ಹಾಕಿ ತೋರಿಸಿದೆ. 10,29,000 ಆದರೆ ತೆರಿಗೆ ಮತ್ತೆ 1,94,172. ಐವತ್ತು ಸಾವಿರದ ಕಿಟಕಿಗೆ ನಿಜವಾದ ಬೆಲೆ 92,000. ಅವನೂ ಫೋನಿನಲ್ಲಿ ಕೂಡಿ ನೋಡಿದ. ‘ಹೌದಲ್ಲ ಮೇಡಂ, ಇದನ್ನ ನಮಗೆ ಯಾರೂ ಹೇಳಿಕೊಟ್ಟಿಲ್ಲ’ ಅಂದ. ಮಗಳು ಕೈ ಬಿಡಲಿಲ್ಲ, ಆದರೆ ಹಟವನ್ನೂ ಮಾಡಲಿಲ್ಲ.

ಸಾಲಕ್ಕೆ ಸಂಬಳ ಬರುವ ಬ್ಯಾಂಕಿಗೇ ಹೋದೆವು. 7 ಲಕ್ಷಕ್ಕೆ ಶೇ 9ರ ಬಡ್ಡಿ. ಏಳು ವರ್ಷಕ್ಕಾದರೆ ತಿಂಗಳಿಗೆ 11,262, ಕಣ್ಣಿಗೆ ಹಗುರ. ಆದರೆ ಬಡ್ಡಿಯೇ 2.46 ಲಕ್ಷ. ಐದು ವರ್ಷಕ್ಕೆ 14,531, ಬಡ್ಡಿ 1.72 ಲಕ್ಷ. ಐದು ವರ್ಷಕ್ಕೇ ಸಹಿ ಹಾಕಿದೆವು.

ಬಿಲ್ ಮಾಡುವ ಮೊದಲು ಗಾಡಿ ತೋರಿಸಿ ಎಂದು ಕೂತೆ. ಅಂಗಳದಲ್ಲಿ ತೋರಿಸಿದ ಮೊದಲ ಗಾಡಿ ಮಾರ್ಚ್‌ನಲ್ಲಿ ತಯಾರಾದದ್ದು. ಚಾಸಿ ನಂಬರಿನಲ್ಲಿ ತಿಂಗಳು, ವರ್ಷ ಅಡಗಿರುತ್ತದೆ, ಷೋರೂಮಿನವರು ಕೊಡುವ ಮಾರಾಟ ಪತ್ರ ಫಾರಂ 21ರಲ್ಲಿ ಅದನ್ನು ಬರೆಯಲೂಬೇಕು. ಆರು ತಿಂಗಳು ಮಳೆಬಿಸಿಲಲ್ಲಿ ನಿಂತ ಗಾಡಿ ಬೇಡ ಅಂದೆ. ನಾಲ್ಕು ದಿನ ತಡವಾಗಿ ಆಗಸ್ಟಿನದು ಬಂತು. ಹಗಲು ಬೆಳಕಿನಲ್ಲಿ ಸುತ್ತಲೂ ಬಣ್ಣ ನೋಡಿದೆವು, ಐದೂ ಟೈರಿನ ಅಂಕಿ ಓದಿದೆವು, ಎಲ್ಲ ಬೆಲ್ಟು ಎಳೆದು ನೋಡಿದೆವು. ಅತ್ತೆ ಒಮ್ಮೆ ಕೂತು ಎದ್ದರು. ಆಮೇಲೇ ದುಡ್ಡು ಹಾಕಿದ್ದು. ಆರ್‌ಟಿಒ ಸಾಲು ರಸೀದಿಯಷ್ಟೇ ಆಯಿತು, ಹ್ಯಾಂಡ್ಲಿಂಗ್ ತೆಗೆದರು, ಕಿಟ್ ಮತ್ತು ಹೆಚ್ಚುವರಿ ವಾರಂಟಿ ನಾವು ಬೇಡವೆಂದೆವು. ನೋಂದಣಿ, ಸಾಲದ ನಮೂದು, ಫಾಸ್ಟ್‌ಟ್ಯಾಗ್ ಎಲ್ಲ ಸೇರಿ ಕೈಯಿಂದ ಹೋದ ಹಣ 11,78,000. ಮೊದಲ ಚೀಟಿಗಿಂತ 2,33,000 ಕಡಿಮೆ. ಅದರಲ್ಲಿ 81,000 ಚಿಲ್ಲರೆ ಜಿಎಸ್‌ಟಿಯಿಂದ ಉಳಿದದ್ದಲ್ಲ, ಒಂದೊಂದು ಸಾಲಿಗೂ ‘ಯಾಕೆ’ ಎಂದು ಕೇಳಿದ್ದರಿಂದ ಉಳಿದದ್ದು.

ಅಕ್ಟೋಬರ್ 1, ಆಯುಧಪೂಜೆಯ ದಿನ ಗಾಡಿ ಮನೆಗೆ ಬಂತು. ಮಾವ ಕುಂಬಳಕಾಯಿ ಒಡೆದರು, ಚಕ್ರದಡಿಗೆ ನಿಂಬೆಹಣ್ಣು ಇಟ್ಟರು. ಎರಡು ವಾರದ ನಂತರ ಮತ್ತೆ ಮಣಿಪಾಲದ ತಪಾಸಣೆ. ಬರುವಾಗ ಘಾಟಿಯನ್ನು ಏಸಿ ಹಾಕಿಕೊಂಡೇ ಹತ್ತಿ, ಅದೇ ಚಹಾದಂಗಡಿಯೆದುರು ನಿಲ್ಲಿಸಿದೆ. ನಾನು ಬೆಲ್ಟು ಬಿಚ್ಚಿ ಆಚೆ ಬದಿಗೆ ಓಡುವಷ್ಟರಲ್ಲಿ ಹಿಂದಿನ ಬಾಗಿಲು ತೆರೆದಿತ್ತು.

‘ನೀ ಎಂತಕ್ಕೆ ಬರ್ತೀಯ, ಇಳಿದಾಯ್ತಲ್ಲ ನಾನು’ ಎಂದು ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ ಅಂಗಡಿಯ ಕಡೆ ನಡೆದರು.